ಕಿವಿ ಮಡಿಚಿದ ಬೆಕ್ಕಿಗೆ ನೆದರ್ಲೆಂಡ್ಸ್ ನಿಷೇಧ: ಪೆಡಿಗ್ರಿ ಪತ್ರವಿದ್ದರೂ ಕಾನೂನು ಒಪ್ಪದಿರುವುದೇಕೆ?

2026ರ ಜನವರಿ 1ರಿಂದ ನೆದರ್ಲೆಂಡ್ಸ್‌ನಲ್ಲಿ ಎರಡು ಬಗೆಯ ಬೆಕ್ಕುಗಳನ್ನು ಹೊಸದಾಗಿ ಸಾಕುವಂತಿಲ್ಲ. ಒಂದು, ಕಿವಿ ಮುಂದಕ್ಕೆ ಮಡಿಚಿಕೊಂಡಿರುವ ಸ್ಕಾಟಿಷ್ ಫೋಲ್ಡ್ ಮತ್ತು ಅದೇ ಕಿವಿಯ ಬೇರೆ ತಳಿಗಳು. ಇನ್ನೊಂದು, ಮೈಮೇಲೆ ಕೂದಲಿಲ್ಲದ ಸ್ಫಿಂಕ್ಸ್‌ನಂಥವು. ಈ ಸುದ್ದಿ ಬೆಕ್ಕು ಸಾಕುವವರನ್ನು ಗೊಂದಲಕ್ಕೆ ದೂಡಿದೆ, ಅದಕ್ಕೆ ಕಾರಣವೂ ಇದೆ. ನೆದರ್ಲೆಂಡ್ಸ್ ಬೇಡವೆಂದ ಅದೇ ಸ್ಕಾಟಿಷ್ ಫೋಲ್ಡ್‌ಗೆ ಅಮೆರಿಕದ ಸಿಎಫ್‌ಎ ಮತ್ತು ಟಿಕಾ ಎಂಬ, ಬೆಕ್ಕಿನ ತಳಿಗಳನ್ನು ನೋಂದಾಯಿಸುವ ದೊಡ್ಡ ಸಂಘಗಳು ಪೆಡಿಗ್ರಿ ಪತ್ರ ಕೊಡುತ್ತವೆ, ಪ್ರದರ್ಶನಗಳಲ್ಲಿ ಬಹುಮಾನವನ್ನೂ ಕೊಡುತ್ತವೆ. ಬ್ರಿಟನ್ನಿನ ಜಿಸಿಸಿಎಫ್ ಮತ್ತು ಯುರೋಪಿನ ಫೀಫೆ ಅದೇ ಫೋಲ್ಡನ್ನು ನೋಂದಾಯಿಸುವುದಿಲ್ಲ, ಆದರೆ ಸ್ಫಿಂಕ್ಸನ್ನು ನೋಂದಾಯಿಸುತ್ತವೆ. ಹಾಗಾದರೆ ಯಾವ ಪತ್ರ ನಂಬುವುದು? ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಮನೆಯಲ್ಲಿರುವ ಬೆಕ್ಕನ್ನು ಏನು ಮಾಡಬೇಕು? ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮರಿ ಕೊಂಡವರಿಗೆ ಇದರಲ್ಲಿ ಏನಾದರೂ ಪಾಠವಿದೆಯೇ?

ಗೊಂದಲದ ಬೇರು ಒಂದೇ. ಪೆಡಿಗ್ರಿ ಪತ್ರವನ್ನು ಜನ ಆರೋಗ್ಯದ ಪತ್ರವೆಂದು ಓದುತ್ತಾರೆ. ಅದು ಹಾಗಲ್ಲ. ಮ್ಯುಟೇಶನ್ ದಾಖಲೆಯಲ್ಲಿ ಜಮೀನು ಯಾರಿಂದ ಯಾರಿಗೆ ಬಂತು ಎಂದಿರುತ್ತದೆ, ಅದರ ಬಾವಿಯಲ್ಲಿ ನೀರಿದೆಯೇ ಎಂದಿರುವುದಿಲ್ಲ. ಪೆಡಿಗ್ರಿ ಪತ್ರವೂ ಅಷ್ಟನ್ನೇ ಹೇಳುತ್ತದೆ: ಅಪ್ಪ ಯಾರು, ಅಮ್ಮ ಯಾರು, ಅವರ ಹಿಂದಿನ ಮೂರರಿಂದ ಐದು ತಲೆಮಾರು ಯಾರು.

ನಿಷೇಧದಲ್ಲಿ ಇರುವುದೇನು

ನೆದರ್ಲೆಂಡ್ಸ್‌ನಲ್ಲಿ ಇಂಥ ಬೆಕ್ಕುಗಳ ತಳಿ ಬೆಳೆಸುವುದಕ್ಕೆ 2014ರಿಂದಲೇ ಅವಕಾಶವಿಲ್ಲ. ತಾಯಿಗಾಗಲೀ ಮರಿಗಾಗಲೀ ನೋವು ತರುವ ಲಕ್ಷಣಗಳಿರುವ ಪ್ರಾಣಿಗಳನ್ನು ಕೂಡಿಸಬಾರದು ಎಂಬ ಸಾಮಾನ್ಯ ನಿಯಮ ಅಲ್ಲಿದೆ. ಆದರೂ ಬೆಕ್ಕುಗಳು ಮಾರಾಟವಾಗುತ್ತಲೇ ಇದ್ದವು. ಏಕೆಂದರೆ ಆ ನಿಯಮ ಹಿಡಿಯುವುದು ಬೆಕ್ಕುಗಳನ್ನು ಕೂಡಿಸಿದವರನ್ನು ಮಾತ್ರ. ಮರಿ ಬೇರೆ ದೇಶದಲ್ಲಿ ಹುಟ್ಟಿತು ಎಂದು ಮಾರುವವರು ಹೇಳಿದರೆ ಅದು ಸುಳ್ಳೆಂದು ಸಾಬೀತು ಮಾಡುವ ಹೊರೆ ತನಿಖಾಧಿಕಾರಿಯ ತಲೆಗೆ ಬೀಳುತ್ತಿತ್ತು. ಯುರೋಪಿನೊಳಗೆ ಗಡಿ ತೆರೆದೇ ಇರುವುದರಿಂದ ಅದು ಹೆಚ್ಚುಕಡಿಮೆ ಆಗದ ಕೆಲಸ. ಹಾಗಾಗಿ ಸರ್ಕಾರ ಒಂದು ಹೆಜ್ಜೆ ಮುಂದೆ ಹೋಗಿ ಸಾಕುವುದನ್ನೇ ನಿಷೇಧಿಸಿತು.

ಇದರ ಅರ್ಥ ಮನೆಯಲ್ಲಿರುವ ಬೆಕ್ಕನ್ನು ಕಿತ್ತುಕೊಳ್ಳುತ್ತಾರೆ ಎಂದಲ್ಲ. 2026ರ ಜನವರಿ 1ಕ್ಕೆ ಮೊದಲು ಹುಟ್ಟಿ, ಆ ದಿನಕ್ಕೆ ಮೊದಲೇ ಗುರುತಿನ ಸಂಖ್ಯೆಯ ಮೈಕ್ರೋಚಿಪ್ ಹಾಕಿಸಿಕೊಂಡ ಬೆಕ್ಕು ತನ್ನ ಆಯುಷ್ಯವಿರುವಷ್ಟು ಕಾಲ ಅದೇ ಮನೆಯಲ್ಲಿ ಇರಬಹುದು. ನಿಯಮ ಮೀರಿದರೆ 1,500 ಯೂರೋವರೆಗೆ ದಂಡ ಬೀಳಬಹುದು. ಎಲ್ಲ ನಿಂತಿರುವುದು ಆ ಚಿಪ್‌ನ ಮೇಲೆ. ನೆದರ್ಲೆಂಡ್ಸ್‌ನಲ್ಲಿ ನಾಯಿಗೆ ಚಿಪ್ ಕಡ್ಡಾಯವಾಗಿ ವರ್ಷಗಳೇ ಕಳೆದಿವೆ, ಬೆಕ್ಕಿಗೆ ದೇಶವ್ಯಾಪಿ ಕಡ್ಡಾಯ ಇರಲಿಲ್ಲ. ಆದ್ದರಿಂದ ಬೆಕ್ಕು ಯಾವಾಗಿನದು ಎಂದು ತೋರಿಸಲು ಚಿಪ್ ಹಾಕಿದ ದಿನಾಂಕವೇ ಮುಖ್ಯ ಆಧಾರ. ಪಶುವೈದ್ಯರು ದಿನಾಂಕ ಬರೆದು ಸಹಿ ಮಾಡಿದ, ಬೆಕ್ಕಿನ ಪಾಸ್‌ಪೋರ್ಟ್‌ನ ಪುಟವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಸ್ಕಾಟಿಷ್ ಫೋಲ್ಡ್‌ನ ಅದೇ ಸೂಲಿನಲ್ಲಿ ನೆಟ್ಟಗಿನ ಕಿವಿಯೊಂದಿಗೆ ಹುಟ್ಟುವ ಮರಿಗಳಿಗೆ, ಅಂದರೆ ಸ್ಕಾಟಿಷ್ ಸ್ಟ್ರೇಟ್‌ಗಳಿಗೆ ಈ ನಿಷೇಧ ತಗುಲುವುದಿಲ್ಲ. ಇದು ಗಮನಿಸಬೇಕಾದ ಅಂಶ: ಕಾನೂನು ಹಿಡಿದಿರುವುದು ತಳಿಯ ಹೆಸರನ್ನಲ್ಲ, ದೇಹದ ಲಕ್ಷಣವನ್ನು.

ನೆದರ್ಲೆಂಡ್ಸ್ ಇದರಲ್ಲಿ ಒಂಟಿಯೂ ಅಲ್ಲ. ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯ 2021ರ ಅಕ್ಟೋಬರ್ 1ರಿಂದ ಕಿವಿ ಮಡಿಚಿದ ಬೆಕ್ಕುಗಳ ತಳಿ ಬೆಳೆಸುವುದನ್ನೂ ಮಾರುವುದನ್ನೂ ನಿಲ್ಲಿಸಿದೆ. ಜರ್ಮನಿಯ ಪ್ರಾಣಿ ರಕ್ಷಣಾ ಕಾಯ್ದೆಯ 11ಬಿ ವಿಧಿ ಮರಿಗಳಿಗೆ ನೋವು ತರುವ ತಳಿ ಸಂವರ್ಧನೆಯನ್ನು ತಡೆಯುತ್ತದೆ. ಇಡೀ ಐರೋಪ್ಯ ಒಕ್ಕೂಟಕ್ಕೆ ಅನ್ವಯಿಸುವ ನಾಯಿ-ಬೆಕ್ಕುಗಳ ನಿಯಮಾವಳಿಯನ್ನು ಐರೋಪ್ಯ ಆಯೋಗ 2023ರ ಡಿಸೆಂಬರ್‌ನಲ್ಲಿ ಮುಂದಿಟ್ಟಿತು, 2025ರ ನವೆಂಬರ್‌ನಲ್ಲಿ ಸಂಸತ್ತು ಮತ್ತು ಸದಸ್ಯ ದೇಶಗಳ ನಡುವೆ ಅದರ ಬಗ್ಗೆ ಒಪ್ಪಂದವಾಯಿತು. ಎಲ್ಲ ಬೆಕ್ಕುಗಳಿಗೂ ಚಿಪ್ ಮತ್ತು ನೋಂದಣಿ, ಹತ್ತಿರದ ರಕ್ತಸಂಬಂಧದಲ್ಲಿ ಕೂಡಿಸುವುದಕ್ಕೆ ತಡೆ, ನೋವು ತರುವ ಅತಿರೇಕದ ದೇಹಲಕ್ಷಣಗಳಿಗಾಗಿ ತಳಿ ಬೆಳೆಸುವುದಕ್ಕೆ ತಡೆ, ಇವು ಅದರ ತಿರುಳು.

ಒಂದು ಸೂಲಿನ ಮರಿಗಳಿಗೆ ಪತ್ರ ಹೇಗೆ ಸಿಗುತ್ತದೆ

ಸರ್ಕಾರ ಏಕೆ ನಡುವೆ ಬಂತು ಎಂದು ತಿಳಿಯಲು ಸಂಘಗಳ ನೋಂದಣಿ ಹೇಗೆ ನಡೆಯುತ್ತದೆ ಎಂದು ನೋಡಬೇಕು. ಈ ಸಂಘಗಳೆಲ್ಲ ಖಾಸಗಿ ಸಂಸ್ಥೆಗಳು. ಸಿಎಫ್‌ಎ 1906ರದು, ಜಿಸಿಸಿಎಫ್ 1910ರದು, ಫೀಫೆ 1949ರದು, ಟಿಕಾ 1979ರದು, ವರ್ಲ್ಡ್ ಕ್ಯಾಟ್ ಫೆಡರೇಶನ್ ಎಂಬ ಡಬ್ಲ್ಯುಸಿಎಫ್ 1988ರದು. ಪ್ರತಿಯೊಂದಕ್ಕೂ ತನ್ನದೇ ಪುಸ್ತಕ, ತನ್ನದೇ ನಿಯಮ. ಒಂದು ಸಂಘದ ನಿಯಮ ಹಿಡಿಸದಿದ್ದರೆ ಬ್ರೀಡರ್, ಅಂದರೆ ತಳಿ ಬೆಳೆಸುವವರು, ಇನ್ನೊಂದಕ್ಕೆ ಹೋಗಬಹುದು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದಿನ ಬಹುಪಾಲು ತೊಡಕು ಇಲ್ಲಿಂದಲೇ ಹುಟ್ಟುತ್ತದೆ.

ದಾರಿ ಎಲ್ಲೆಡೆ ಸುಮಾರಾಗಿ ಒಂದೇ. ಮೊದಲು ಬ್ರೀಡರ್ ತನ್ನ ಕ್ಯಾಟರಿಗೆ, ಅಂದರೆ ಬೆಕ್ಕಿನ ತಳಿ ಬೆಳೆಸುವ ಜಾಗಕ್ಕೆ, ಒಂದು ಹೆಸರು ನೋಂದಾಯಿಸಿಕೊಳ್ಳುತ್ತಾರೆ, ಅಲ್ಲಿ ಹುಟ್ಟಿದ ಪ್ರತಿ ಮರಿಯ ಹೆಸರಿಗೂ ಅದು ಸೇರಿಕೊಳ್ಳುತ್ತದೆ. ಕೂಡಿಸುವ ಗಂಡು, ಹೆಣ್ಣು ಎರಡೂ ಆ ಪುಸ್ತಕದಲ್ಲಿ ಇರಬೇಕು, ಅದೂ ಮರಿ ಪಡೆಯಲು ಅನುಮತಿ ಇರುವ ವಿಭಾಗದಲ್ಲಿ. ಜಿಸಿಸಿಎಫ್‌ನಲ್ಲಿ ಇದಕ್ಕಾಗಿಯೇ ಆ್ಯಕ್ಟಿವ್, ನಾನ್-ಆ್ಯಕ್ಟಿವ್ ಎಂದು ಎರಡು ವಿಭಾಗಗಳಿವೆ. ನಾನ್-ಆ್ಯಕ್ಟಿವ್ ಬೆಕ್ಕಿನ ಮರಿಗಳಿಗೆ ನೋಂದಣಿ ಸಿಗುವುದಿಲ್ಲ. ಗಂಡು ಬೇರೆಯವರದಾದರೆ ಅದರ ಒಡೆಯರು ಕೂಡಿದ ದಿನಾಂಕ ಬರೆದು ಸಹಿ ಮಾಡಿಕೊಡಬೇಕು. ಅಲ್ಲಿಂದ ಸುಮಾರು 63ರಿಂದ 67 ದಿನಕ್ಕೆ ಮರಿ. ಮರಿಗಳು ಹುಟ್ಟಿದ ದಿನ, ಎಷ್ಟು ಗಂಡು, ಎಷ್ಟು ಹೆಣ್ಣು, ಯಾವ ಬಣ್ಣ ಎಂದು ತಿಳಿಸಿ ಇಡೀ ಸೂಲನ್ನು ನೋಂದಾಯಿಸಬೇಕು. ನಂತರ ಮರಿಗೊಂದು ಚಿಪ್: ಅಕ್ಕಿಕಾಳಿನಷ್ಟಿರುವ ಅದನ್ನು ಹೆಗಲ ಮೂಳೆಗಳ ನಡುವಿನ ಚರ್ಮದಡಿ ಚುಚ್ಚಿ ಹಾಕುತ್ತಾರೆ. ಅಂತರರಾಷ್ಟ್ರೀಯ ಮಾನದಂಡದ ಚಿಪ್‌ನಲ್ಲಿ 15 ಅಂಕಿ ಇರುತ್ತವೆ. ಲಸಿಕೆಗಳು ಮುಗಿದು ಮರಿ ಹೊಸ ಮನೆಗೆ ಹೋಗುವ ವಯಸ್ಸು ಜಿಸಿಸಿಎಫ್ ಪ್ರಕಾರ 13 ವಾರ. ಕೊಳ್ಳುವವರ ಹೆಸರಿಗೆ ವರ್ಗಾಯಿಸುವ ಚೀಟಿಯನ್ನು ಅನೇಕ ಬ್ರೀಡರ್‌ಗಳು ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತೆಂಬ ಪುರಾವೆ ಬಂದ ಮೇಲೆಯೇ ಕೈಗೆ ಕೊಡುತ್ತಾರೆ. ಅದು ಒಳ್ಳೆಯ ಪದ್ಧತಿ.

ಎಡವಟ್ಟಾಗುವುದು ಎಲ್ಲಿ? ಮೊದಲನೆಯದು ಅಪ್ಪನ ವಿಷಯದಲ್ಲಿ. ಹೆಣ್ಣು ಬೆಕ್ಕಿಗೆ ಕೂಡಿದ ಪ್ರಚೋದನೆಯಿಂದಲೇ ಅಂಡ ಬಿಡುಗಡೆಯಾಗುತ್ತದೆ, ಅದೂ ಕೂಡಿ ಒಂದೆರಡು ದಿನದಲ್ಲಿ. ಬೆದೆ ವಾರದವರೆಗೂ ಇರಬಹುದು. ಆ ಅವಧಿಯಲ್ಲಿ ಇನ್ನೊಂದು ಗಂಡು ಹತ್ತಿರ ಬಂದರೆ ಒಂದೇ ಸೂಲಿನಲ್ಲಿ ಎರಡು ಅಪ್ಪಂದಿರ ಮರಿಗಳು ಹುಟ್ಟುತ್ತವೆ. ಪತ್ರದಲ್ಲಿ ಬರೆದ ಅಪ್ಪ ಅರ್ಧ ಮರಿಗಳಿಗೆ ಅಪ್ಪನೇ ಅಲ್ಲದಿರಬಹುದು. ಕೂಡಿಸಿ ತಂದ ಹೆಣ್ಣನ್ನು ಬೆದೆ ಪೂರ್ತಿ ಇಳಿಯುವವರೆಗೆ ಕಿಟಕಿ-ಬಾಲ್ಕನಿ ಮುಚ್ಚಿದ ಕೋಣೆಯಲ್ಲಿ ಇಡಬೇಕೆನ್ನುವುದು ಇದಕ್ಕೇ. ಅನುಮಾನ ಬಂದರೆ ಡಿಎನ್‌ಎ ಪರೀಕ್ಷೆಯೊಂದೇ ದಾರಿ.

ಎರಡನೆಯದು ಆತುರದ ನೋಂದಣಿ. ಫೋಲ್ಡ್ ಮರಿಗಳೆಲ್ಲ ಹುಟ್ಟುವಾಗ ನೆಟ್ಟಗಿನ ಕಿವಿಯವೇ. ಕಿವಿ ಬಾಗತೊಡಗುವುದು 18ರಿಂದ 24ನೇ ದಿನದ ಸುಮಾರಿಗೆ. ಅದಕ್ಕೂ ಮೊದಲು ಅರ್ಜಿ ತುಂಬಿದರೆ ಫೋಲ್ಡ್ ಯಾವುದು, ಸ್ಟ್ರೇಟ್ ಯಾವುದು ಎಂದು ಬರೆದದ್ದು ತಪ್ಪಾಗುತ್ತದೆ. ಮಡಿಕೆ ಬಹಳ ಸಣ್ಣದಿದ್ದರೆ ದೊಡ್ಡದಾದ ಮೇಲೂ ತಪ್ಪು ಉಳಿದುಬಿಡುತ್ತದೆ. ಇಂಥ ಬೆಕ್ಕನ್ನು ಸ್ಟ್ರೇಟ್ ಎಂದು ಭಾವಿಸಿ ಫೋಲ್ಡ್ ಜೊತೆ ಕೂಡಿಸಿದರೆ ಕಾಗದದ ಮೇಲೆ ನಿಯಮ ಪಾಲಿಸಿದಂತೆ ಇರುತ್ತದೆ, ನಿಜದಲ್ಲಿ ಫೋಲ್ಡನ್ನು ಫೋಲ್ಡ್ ಜೊತೆ ಕೂಡಿಸಿದಂತಾಗುತ್ತದೆ. ಅದರ ಫಲ ಏನೆಂಬುದು ಮುಂದೆ ಬರುತ್ತದೆ.

ಸೂಸಿಯ ಸಂತತಿ

1961ರಲ್ಲಿ ಸ್ಕಾಟ್ಲೆಂಡಿನ ಕೂಪರ್ ಆ್ಯಂಗಸ್ ಬಳಿಯ ಒಂದು ಹೊಲಮನೆಯಲ್ಲಿ ಸೂಸಿ ಎಂಬ ಬಿಳಿ ಬೆಕ್ಕು ವಿಲಿಯಂ ರಾಸ್ ಎಂಬ ಕುರಿಗಾಹಿಯ ಕಣ್ಣಿಗೆ ಬಿತ್ತು. ಅದರ ಕಿವಿ ಮುಂದಕ್ಕೆ ಮಡಿಚಿತ್ತು. ಇಂದಿನ ಸ್ಕಾಟಿಷ್ ಫೋಲ್ಡ್‌ಗಳೆಲ್ಲ ಆ ಒಂದೇ ಬೆಕ್ಕಿನ ವಂಶ. ಆರಂಭದಲ್ಲಿ ಬ್ರಿಟನ್ನಿನ ಜಿಸಿಸಿಎಫ್ ಈ ಬೆಕ್ಕುಗಳನ್ನು ನೋಂದಾಯಿಸಿತು. ಕಿವಿಯ ಸೋಂಕು, ಕಿವುಡು, ಕೈಕಾಲಿನ ವಿಕಾರಗಳ ಆತಂಕ ಎದ್ದ ಮೇಲೆ 1970ರ ದಶಕದ ಆರಂಭದಲ್ಲೇ ನಿಲ್ಲಿಸಿತು. ಅಷ್ಟರಲ್ಲಿ ಕೆಲವು ಬೆಕ್ಕುಗಳು ಅಮೆರಿಕ ಸೇರಿದ್ದವು. ಅಲ್ಲಿ ಸಿಎಫ್‌ಎ 1973ರಲ್ಲಿ ನೋಂದಣಿ ಆರಂಭಿಸಿ, 1978ರಲ್ಲಿ ಚಾಂಪಿಯನ್‌ಷಿಪ್ ಸ್ಪರ್ಧೆಗೂ ಒಪ್ಪಿತು. ಹುಟ್ಟಿದ ನೆಲದಲ್ಲೇ ಬೇಡವಾದ ತಳಿ ಅಟ್ಲಾಂಟಿಕ್‌ನ ಆಚೆ ಹೆಸರು ಮಾಡಿ, ಅಲ್ಲಿಂದ ಯುರೋಪಿಗೂ ಏಷ್ಯಾಕ್ಕೂ ಮರಳಿ ಹರಡಿತು. ಒಂದು ಸಂಘ ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೆಕ್ಕಿನ ಲೋಕದಲ್ಲಿ ಇಲ್ಲ.

ಮೂಳೆಯೊಳಗೆ ನಡೆಯುವುದು

ಕಿವಿ ಮಡಿಚುವುದು ಕಿವಿಯ ಮೃದ್ವಸ್ಥಿ ಗಟ್ಟಿಯಾಗಿ ನಿಲ್ಲದಿರುವುದರಿಂದ. ಕಾರಣ ಟಿಆರ್‌ಪಿವಿ4 ಎಂಬ ಜೀನಿನ ಒಂದು ಬದಲಾವಣೆ, ಸಂಶೋಧಕರು ಅದನ್ನು 2016ರಲ್ಲಿ ಗುರುತಿಸಿದರು. ಈ ಜೀನ್ ಮೃದ್ವಸ್ಥಿಯ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಹರಿವನ್ನು ನಿಯಂತ್ರಿಸುವ ದ್ವಾರವೊಂದನ್ನು ರೂಪಿಸುತ್ತದೆ. ಮೃದ್ವಸ್ಥಿ ಇರುವುದು ಕಿವಿಯಲ್ಲಿ ಮಾತ್ರವಲ್ಲ. ಮರಿಯ ಮೂಳೆ ಬೆಳೆಯುವುದೇ ಮೃದ್ವಸ್ಥಿಯ ಮೂಲಕ, ಪ್ರತಿ ಕೀಲಿನ ತುದಿಯಲ್ಲೂ ಅದೇ ಇದೆ. ಆದ್ದರಿಂದ ಕಿವಿಯನ್ನು ಬಾಗಿಸುವ ದೋಷವೇ ಪಾದ, ಹಿಮ್ಮಡಿ ಕೀಲು, ಬಾಲದ ಮೂಳೆಗಳನ್ನೂ ಕೆಡಿಸುತ್ತದೆ. ಮುದ್ದು ಕಿವಿ ಬೇಕು, ಕಾಯಿಲೆ ಬೇಡ ಎಂದು ಬೇರ್ಪಡಿಸಲು ಸಾಧ್ಯವಾಗದಿರುವುದು ಇದಕ್ಕೇ.

ಲೆಕ್ಕ ಹೀಗೆ. ಫೋಲ್ಡನ್ನು ಸಾಮಾನ್ಯ ಕಿವಿಯ ಬೆಕ್ಕಿನೊಂದಿಗೆ ಕೂಡಿಸಿದರೆ ಸರಾಸರಿ ಅರ್ಧ ಮರಿಗಳು ಫೋಲ್ಡ್, ಅರ್ಧ ಸ್ಟ್ರೇಟ್. ಫೋಲ್ಡನ್ನು ಫೋಲ್ಡ್‌ನೊಂದಿಗೆ ಕೂಡಿಸಿದರೆ ನಾಲ್ಕರಲ್ಲಿ ಒಂದಕ್ಕೆ ಎರಡೂ ಕಡೆಯಿಂದ ದೋಷದ ಜೀನ್ ಬರುತ್ತದೆ. ಆ ಮರಿಗಳ ಸ್ಥಿತಿ ಘೋರ: ಬಾಲ ಮೋಟು, ದಪ್ಪ, ಬಗ್ಗದು. ಪಾದಗಳು ಅಗಲವಾಗಿ ಊದಿಕೊಳ್ಳುತ್ತವೆ, ಹಿಮ್ಮಡಿಯ ಸುತ್ತ ಹೊಸ ಮೂಳೆ ಬೆಳೆದು ಕೀಲು ಕೂಡಿಕೊಂಡುಬಿಡುತ್ತದೆ. ಎಕ್ಸ್‌ರೇಯಲ್ಲಿ ಏಳು ವಾರದ ಮರಿಯಲ್ಲೇ ಇದು ಕಾಣಬಹುದು.

ಒಂದೇ ದೋಷದ ಜೀನ್ ಇರುವ ಬೆಕ್ಕು ಪಾರಾಗುತ್ತದೆಯೇ ಎಂಬುದರಲ್ಲೇ ವಿವಾದ. ಆಸ್ಟ್ರೇಲಿಯದ ಪಶುವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ ಮಡಿಚಿದ ಕಿವಿಯ ಬೆಕ್ಕುಗಳಲ್ಲೆಲ್ಲ ಮೂಳೆಯ ವಿಕಾರ ಸಿಕ್ಕಿತು. ಪ್ರಮಾಣ ಮಾತ್ರ ಹೆಚ್ಚುಕಡಿಮೆ. ಕೆಲವು ವರ್ಷಗಟ್ಟಲೆ ಚೆನ್ನಾಗಿಯೇ ಓಡಾಡುತ್ತವೆ, ಕೆಲವು ಒಂದು ವರ್ಷ ತುಂಬುವ ಮೊದಲೇ ಕುಂಟುತ್ತವೆ. ಬೆಕ್ಕು ನೋವನ್ನು ಕೂಗಿ ಹೇಳುವ ಪ್ರಾಣಿಯಲ್ಲ. ಮೇಜಿಗೆ ಜಿಗಿಯುವುದನ್ನು ಬಿಡುತ್ತದೆ, ಮೆಟ್ಟಿಲನ್ನು ಒಂದೊಂದಾಗಿ ಇಳಿಯುತ್ತದೆ, ಮುಟ್ಟಿದರೆ ಸಿಡುಕುತ್ತದೆ, ಹಿಂಗಾಲು ಚಾಚಿ ಮನುಷ್ಯರಂತೆ ಕುಂಡೆಯ ಮೇಲೆ ಕೂರುತ್ತದೆ. ಜಾಲತಾಣಗಳಲ್ಲಿ ಲಕ್ಷಾಂತರ ಮಂದಿ ಮೆಚ್ಚುವ ಆ ಭಂಗಿ ಎಷ್ಟೋ ಸಲ ಕಾಲಿನ ಭಾರ ಇಳಿಸಿಕೊಳ್ಳಲು ಬೆಕ್ಕು ಕಂಡುಕೊಂಡ ದಾರಿ. ಗುಣಪಡಿಸುವ ಔಷಧ ಇಲ್ಲ. ಉರಿಯೂತ ತಗ್ಗಿಸುವ ಮೆಲಾಕ್ಸಿಕ್ಯಾಂನಂಥ ಔಷಧವನ್ನು ಮೂತ್ರಪಿಂಡದ ಮೇಲೆ ಕಣ್ಣಿಟ್ಟು ಜೀವಮಾನವಿಡೀ ಕೊಡುವುದು, ತೂಕ ಹಿಡಿತದಲ್ಲಿಡುವುದು, ತೀರಾ ಕೆಟ್ಟಲ್ಲಿ ಹೆಚ್ಚುವರಿ ಮೂಳೆ ತೆಗೆಯುವ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ, ಇಷ್ಟೇ ಕೈಯಲ್ಲಿರುವುದು.

ಬ್ರೀಡರ್‌ಗಳ ವಾದ

ಫೋಲ್ಡ್ ಬೆಳೆಸುವವರೆಲ್ಲ ಕಲ್ಲೆದೆಯವರಲ್ಲ, ಅವರ ವಾದದಲ್ಲೂ ತೂಕವಿದೆ. ಅವರು ಹೇಳುವುದು: ಫೋಲ್ಡನ್ನು ಫೋಲ್ಡ್ ಜೊತೆ ಕೂಡಿಸುವುದನ್ನು ನಾವು ಎಂದೋ ಬಿಟ್ಟಿದ್ದೇವೆ. ಬ್ರಿಟಿಷ್ ಶಾರ್ಟ್‌ಹೇರ್, ಅಮೆರಿಕನ್ ಶಾರ್ಟ್‌ಹೇರ್ ಜೊತೆ ಕೂಡಿಸಿ ಗಟ್ಟಿ ಮೂಳೆಯ ಬೆಕ್ಕುಗಳನ್ನು ಆರಿಸುತ್ತೇವೆ. ಬಾಲ ಬಗ್ಗದ ಬೆಕ್ಕನ್ನು ತಳಿಗೆ ಬಳಸುವುದಿಲ್ಲ. ನಿಷೇಧಿಸಿದರೆ ನಿಯಮ ಪಾಲಿಸುವ ನಾವು ನಿಲ್ಲಿಸುತ್ತೇವೆ, ಪಾಲಿಸದವರು ಕದ್ದುಮುಚ್ಚಿ ಮುಂದುವರಿಸುತ್ತಾರೆ.

ಕೊನೆಯ ಮಾತು ನಿಜ. ಆದರೆ ಮೊದಲಿನ ಮೂರು ಮಾತುಗಳಲ್ಲಿ ಒಂದು ಬಿರುಕಿದೆ. ಬಾಲ ಮೆತ್ತಗಿದೆ ಎಂದು ಬೆಕ್ಕನ್ನು ಆರಿಸುವುದು ಸಾಮಾನ್ಯವಾಗಿ ಒಂದು ವರ್ಷದ ವಯಸ್ಸಿನ ಆಸುಪಾಸಿನಲ್ಲಿ. ಸಂಧಿವಾತ ಬಲಿಯುವುದು ಅದಾದ ಮೇಲೆ, ಅಷ್ಟರಲ್ಲಿ ಆ ಬೆಕ್ಕಿನ ಮರಿಗಳು ಬೇರೆ ಬೇರೆ ಮನೆ ಸೇರಿರುತ್ತವೆ. ಇನ್ನೂ ಮುಖ್ಯವಾದದ್ದು, ಆಯ್ಕೆಯಿಂದ ಜೀನ್ ಬದಲಾಗದು. ಕಿವಿ ಮಡಿಚಿರಬೇಕಾದರೆ ದೋಷದ ಜೀನ್ ಒಂದಾದರೂ ಇರಲೇಬೇಕು.

ಇದನ್ನು ಪರ್ಷಿಯನ್ ಬೆಕ್ಕಿನ ಮೂತ್ರಪಿಂಡದ ಕಾಯಿಲೆಗೆ ಹೋಲಿಸಿ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಪಿಕೆಡಿ ಎಂಬ ಆ ಕಾಯಿಲೆಯಲ್ಲಿ ಮೂತ್ರಪಿಂಡದ ತುಂಬ ನೀರ್ಗುಳ್ಳೆಗಳು ಬೆಳೆಯುತ್ತವೆ. ಒಂದು ಕಾಲಕ್ಕೆ ಅಧ್ಯಯನಗಳಲ್ಲಿ ಪರ್ಷಿಯನ್ ಬೆಕ್ಕುಗಳ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವುಗಳಲ್ಲಿ ಅದು ಕಂಡಿತ್ತು. 2004ರಲ್ಲಿ ಅದರ ಜೀನ್ ದೋಷ ಪತ್ತೆಯಾಯಿತು. ಕೆನ್ನೆಯೊಳಗಿನಿಂದ ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿಯಿಂದ ಪರೀಕ್ಷೆ ಮಾಡಬಹುದು. ದೋಷವಿರುವ ಬೆಕ್ಕನ್ನು ತಳಿಯಿಂದ ಹೊರಗಿಟ್ಟರೆ ಒಂದೇ ತಲೆಮಾರಿನಲ್ಲಿ ಆ ಮನೆಯ ಸಾಲು ಶುದ್ಧವಾಗುತ್ತದೆ, ಪರ್ಷಿಯನ್ ಪರ್ಷಿಯನ್ನಾಗಿಯೇ ಉಳಿಯುತ್ತದೆ. ಏಕೆಂದರೆ ಪಿಕೆಡಿ ಆ ತಳಿಯ ರೂಪಕ್ಕೆ ಬೇಕಾದ ಜೀನ್ ಅಲ್ಲ. ಇಲ್ಲಿ ಸಂಘಗಳ ನಿಯಮ, ಪರೀಕ್ಷೆ, ಬ್ರೀಡರ್‌ಗಳ ಶಿಸ್ತು ಸಾಕು. ಫೋಲ್ಡ್‌ನಲ್ಲಿ ಕಾಯಿಲೆಯ ಜೀನನ್ನು ತೆಗೆದರೆ ಉಳಿಯುವುದು ಸ್ಟ್ರೇಟ್, ಫೋಲ್ಡ್ ಅಲ್ಲ. ಹಾಗಾಗಿ ನೋಂದಣಿ ನಿಯಮ ಎಷ್ಟೇ ಬಿಗಿಯಾದರೂ ಈ ತಳಿಯಲ್ಲಿ ಅದು ಕೆಲಸ ಮಾಡದು. ನೆದರ್ಲೆಂಡ್ಸ್ ಸರ್ಕಾರದ ನಿಲುವು ಈ ಕಾರಣಕ್ಕೆ ಗಟ್ಟಿಯಾದದ್ದು.

ಕೂದಲಿಲ್ಲದ ಬೆಕ್ಕಿನ ವಿಷಯ ಬೇರೆ

ಸ್ಫಿಂಕ್ಸ್ ವಿಷಯದಲ್ಲಿ ಅಷ್ಟೇ ಖಚಿತವಾಗಿ ಹೇಳುವುದು ಕಷ್ಟ. 1966ರಲ್ಲಿ ಕೆನಡಾದ ಟೊರಾಂಟೊದಲ್ಲಿ ಕೂದಲಿಲ್ಲದ ಮರಿಯೊಂದು ಹುಟ್ಟಿದಾಗಿನಿಂದ ಈ ತಳಿಯ ಕಥೆ ಶುರು. ನೆದರ್ಲೆಂಡ್ಸ್ ಕೊಡುವ ಕಾರಣಗಳು: ಮೀಸೆಗೂದಲು ಇಲ್ಲ ಅಥವಾ ಮುರಿದಿರುತ್ತದೆ, ಬೆಕ್ಕು ಕತ್ತಲಲ್ಲಿ ದಾರಿ ಅಳೆಯುವುದು ಅದರಿಂದ. ಚಳಿ ತಡೆಯದು, ಬಿಸಿಲಿಗೆ ಚರ್ಮ ಸುಡುತ್ತದೆ. ಕೂದಲು ಹೀರಿಕೊಳ್ಳಬೇಕಾದ ಎಣ್ಣೆಯಂಶ ಚರ್ಮದ ಮೇಲೇ ಕೂತು ಸೋಂಕು ತರುತ್ತದೆ. ಸಾಕುವವರ ಉತ್ತರ: ಮನೆಯೊಳಗೆ ಬೆಚ್ಚಗಿಟ್ಟು, ವಾರಕ್ಕೊಮ್ಮೆ ಮೈ ತೊಳೆದರೆ ಬೆಕ್ಕು ಲವಲವಿಕೆಯಿಂದ ಇರುತ್ತದೆ. ಫೋಲ್ಡ್‌ನ ಮೂಳೆನೋವಿಗೆ ಎಕ್ಸ್‌ರೇ ಪುರಾವೆ ಇದೆ. ಇಲ್ಲಿರುವುದು ಆರೈಕೆಯಿಂದ ಭಾಗಶಃ ತುಂಬಬಹುದಾದ ಕೊರತೆ. ಎರಡನ್ನೂ ಒಂದೇ ಆದೇಶದಲ್ಲಿ ಕಟ್ಟಿದ್ದರಿಂದ ಫೋಲ್ಡ್ ಬಗ್ಗೆ ಇದ್ದ ಒಮ್ಮತವೂ ವಿವಾದದಲ್ಲಿ ಸಿಲುಕಿತು ಎಂಬ ಟೀಕೆಯಲ್ಲಿ ಹುರುಳಿದೆ.

ಇದರಿಂದ ಏನಾಗಬಹುದು

ಹತ್ತಿರದ ಪರಿಣಾಮ ಚಿಪ್ ದಿನಾಂಕದ ವಂಚನೆ. ಹಳೆಯ ಬೆಕ್ಕಿನ ದಾಖಲೆಗೆ ಹೊಸ ಬೆಕ್ಕನ್ನು ಹೊಂದಿಸುವ ಪ್ರಯತ್ನ ನಡೆದೇ ನಡೆಯುತ್ತದೆ. ಆದರೆ ವರ್ಷ ಕಳೆದಂತೆ ಅದು ತಾನಾಗಿ ಕಷ್ಟವಾಗುತ್ತದೆ: 2036ರಲ್ಲಿ ಹತ್ತು ವರ್ಷದ ಬೆಕ್ಕೆಂದು ತೋರಿಸುವ ಪ್ರಾಣಿ ಹಲ್ಲಿನಲ್ಲೂ ಕಣ್ಣಲ್ಲೂ ಹತ್ತು ವರ್ಷದ್ದಾಗಿರಬೇಕು. ಎರಡನೆಯದು, ವ್ಯಾಪಾರ ನಿಯಮ ಸಡಿಲವಿರುವ ದೇಶಗಳಿಗೆ ಸರಿಯುತ್ತದೆ. ಐರೋಪ್ಯ ನಿಯಮಾವಳಿ ಜಾರಿಗೆ ಬಂದರೆ ಒಕ್ಕೂಟದೊಳಗೆ ಆ ಜಾಗ ಕಿರಿದಾಗುತ್ತದೆ. ಆದರೆ ಅದಕ್ಕೆ ಸಮಯ ಬೇಕು: ಬ್ರೀಡರ್‌ಗಳಿಗೆ ಚಿಪ್ ನಿಯಮ ಪಾಲಿಸಲು ನಾಲ್ಕು ವರ್ಷ, ಮಾರದೆ ಮನೆಯಲ್ಲಷ್ಟೇ ಬೆಕ್ಕು ಸಾಕುವವರಿಗೆ 15 ವರ್ಷದ ಅವಧಿ ಕೊಡಲಾಗಿದೆ. ಮೂರನೆಯದು ಮತ್ತು ನನ್ನ ದೃಷ್ಟಿಯಲ್ಲಿ ದೊಡ್ಡದು, ಒತ್ತಡ ಸಂಘಗಳ ಮೇಲೆ ಬೀಳುತ್ತದೆ. ಸರ್ಕಾರಗಳು ಒಂದು ತಳಿಯನ್ನು ಕಾನೂನುಬಾಹಿರ ಎನ್ನುವಾಗ ಅದಕ್ಕೆ ಪತ್ರ ಕೊಡುತ್ತಲೇ ಇರುವ ಪುಸ್ತಕದ ಮೇಲಿನ ವಿಶ್ವಾಸ ಬೇರೆ ತಳಿಗಳಲ್ಲೂ ಕುಸಿಯುತ್ತದೆ.

ಭಾರತದಿಂದ ಬೆಕ್ಕಿನೊಂದಿಗೆ ನೆದರ್ಲೆಂಡ್ಸ್‌ಗೆ ಹೋಗುವವರಿಗೆ ಒಂದು ಮಾತು. 2026ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ, ಇಲ್ಲವೇ ಆ ದಿನಕ್ಕೆ ಮೊದಲು ಚಿಪ್ ಹಾಕಿಸದ ಫೋಲ್ಡ್ ಅಥವಾ ಸ್ಫಿಂಕ್ಸನ್ನು ಅಲ್ಲಿ ಸಾಕುವಂತಿಲ್ಲ, ಪತ್ರ ಯಾವ ಸಂಘದ್ದಾದರೂ ಅಷ್ಟೇ. ಉಳಿದ ಬೆಕ್ಕುಗಳಿಗೂ ತಯಾರಿ ಉದ್ದ: ಮೊದಲು ಚಿಪ್, ಆಮೇಲೆ ರೇಬಿಸ್ ಲಸಿಕೆ, ಅದಾಗಿ ಕನಿಷ್ಠ 30 ದಿನಕ್ಕೆ ರಕ್ತದ ಮಾದರಿ, ಅದರಲ್ಲಿ ಪ್ರತಿಕಾಯ ಮಿಲಿಲೀಟರ್‌ಗೆ 0.5 ಐಯು ಅಥವಾ ಹೆಚ್ಚು ಇರಬೇಕು, ಮಾದರಿ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಲಸಿಕೆಯ ನಂತರ ಚಿಪ್ ಹಾಕಿದರೆ ಆ ಲಸಿಕೆ ಲೆಕ್ಕಕ್ಕಿಲ್ಲ, ಎಲ್ಲ ಮೊದಲಿನಿಂದ ಆಗಬೇಕು. ಜನ ಹೆಚ್ಚು ಎಡವುವುದು ಇಲ್ಲೇ.

ಕರ್ನಾಟಕದಲ್ಲಿ ಕೊಳ್ಳುವವರಿಗೆ ಯಾವ ರಕ್ಷಣೆ ಇದೆ

ನಮ್ಮಲ್ಲಿ ಬೆಕ್ಕಿನ ತಳಿ ಸಂವರ್ಧನೆಗೆ ಪ್ರತ್ಯೇಕ ನಿಯಮವೇ ಇಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ 2017ರಲ್ಲಿ ಬಂದ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ನಾಯಿಗೆ ಮಾತ್ರ. ಹೆಣ್ಣುನಾಯಿಗೆ 18 ತಿಂಗಳಾಗುವ ಮುನ್ನ ಕೂಡಿಸಬಾರದು, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಬೇಡ, ಎಂಟು ವಾರಕ್ಕೆ ಮೊದಲು ಮರಿ ಮಾರಬಾರದು, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಬ್ರೀಡರ್ ನೋಂದಣಿ ಆಗಬೇಕು ಎಂದು ಅದರಲ್ಲಿದೆ. ಬೆಕ್ಕಿಗೆ ಇದ್ಯಾವುದೂ ಇಲ್ಲ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ಬೆಕ್ಕು ಸೇರಿದೆ: ಅಂಗಡಿ 5,000 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಿಕೊಳ್ಳಬೇಕು, ಅದು ಐದು ವರ್ಷಕ್ಕೆ ಊರ್ಜಿತ. ಆದರೆ ಅದು ನೋಡುವುದು ಅಂಗಡಿಯ ಪಂಜರ, ನೀರು, ದಾಖಲೆ ಪುಸ್ತಕವನ್ನು. ಯಾವ ಬೆಕ್ಕನ್ನು ಯಾವುದರ ಜೊತೆ ಕೂಡಿಸಿದರು ಎಂದು ಕೇಳುವುದಿಲ್ಲ.

ನಿಷೇಧದ ದಾರಿ ಹಿಡಿಯುವುದಾದರೆ ಹೇಗೆ ಹಿಡಿಯಬಾರದು ಎಂಬುದಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ 23 ನಾಯಿ ತಳಿಗಳನ್ನು ಉಗ್ರವೆಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಸಂಬಂಧಪಟ್ಟವರ ಅಹವಾಲು ಕೇಳದೆ, ಕಾಯ್ದೆಯಡಿಯ ನಿಯಮಗಳನ್ನು ಮೀರಿ ಸುತ್ತೋಲೆಯಿಂದ ನಿಷೇಧ ಹೇರಲಾಗದು ಎಂಬುದು ಅದರ ಸಾರ. ಬೆಕ್ಕಿನ ವಿಷಯದಲ್ಲಿ ಸರಿಯಾದ ದಾರಿ ಬೇರೆ: ಕಾಯ್ದೆಯ 38ನೇ ಸೆಕ್ಷನ್ ಅಡಿ ಕರಡು ನಿಯಮ ಪ್ರಕಟಿಸಿ, ಆಕ್ಷೇಪಣೆ ಆಹ್ವಾನಿಸಿ, ತಳಿಯ ಹೆಸರಿನ ಬದಲು ನೋವಿನ ಲಕ್ಷಣವನ್ನು ಹಿಡಿಯಬೇಕು. ಹೆಸರನ್ನು ಹಿಡಿದರೆ ಮಾರುವವರು ಹೆಸರು ಬದಲಿಸಿ ಮಾರುತ್ತಾರೆ.

ಅಲ್ಲಿಯವರೆಗೆ ಎಚ್ಚರ ಕೊಳ್ಳುವವರದ್ದೇ. "ಪೇಪರ್ ಇದೆ" ಎಂದು ಮಾರುವವರು ತೋರಿಸುವುದು ಬಹಳ ಸಲ ಲಸಿಕೆ ಪುಸ್ತಕವನ್ನು. ಅದರಲ್ಲಿ ತಳಿ ಎಂಬ ಸಾಲಿನಲ್ಲಿ ಪರ್ಷಿಯನ್ ಎಂದು ಬರೆದಿದ್ದರೆ ಅದು ಬೆಕ್ಕನ್ನು ತಂದವರು ಹೇಳಿದ್ದನ್ನು ಬರೆದುಕೊಂಡದ್ದು, ಪುರಾವೆಯಲ್ಲ. ಡಾಲ್ ಫೇಸ್, ಪಂಚ್ ಫೇಸ್, ಟ್ರಿಪಲ್ ಕೋಟ್ ಎಂಬವು ಮಾರುಕಟ್ಟೆಯ ಮಾತುಗಳು, ಯಾವ ಪೆಡಿಗ್ರಿ ಪುಸ್ತಕದ ವಿಭಾಗಗಳೂ ಅಲ್ಲ. ನಿಜವಾದ ಪತ್ರದಲ್ಲಿ ಸಂಘದ ಹೆಸರು, ನೋಂದಣಿ ಸಂಖ್ಯೆ, ತಂದೆ-ತಾಯಿಯ ನೋಂದಣಿ ಸಂಖ್ಯೆ ಇರುತ್ತವೆ. ಚಿಪ್ ಸಂಖ್ಯೆ ನಮೂದಾಗಿದ್ದರೆ ಪಶುವೈದ್ಯರ ಬಳಿ ರೀಡರ್ ಆಡಿಸಿ 15 ಅಂಕಿಯನ್ನೂ ಪತ್ರದೊಂದಿಗೆ ತಾಳೆ ನೋಡಬೇಕು.

ಪತ್ರ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ, ಅಷ್ಟೇ. ಪರ್ಷಿಯನ್ ಆದರೆ ತಂದೆ-ತಾಯಿಯ ಪಿಕೆಡಿ ಡಿಎನ್‌ಎ ವರದಿ ಕೇಳಿ. ವರದಿ ಇಲ್ಲದಿದ್ದರೆ ಬೆಕ್ಕಿಗೆ ಹತ್ತು ತಿಂಗಳಾದ ಮೇಲೆ ಮೂತ್ರಪಿಂಡದ ಅಲ್ಟ್ರಾಸೌಂಡ್ ಮಾಡಿಸಬಹುದು, ಅದಕ್ಕೂ ಮೊದಲು ಸಣ್ಣ ಗುಳ್ಳೆಗಳು ಕಣ್ತಪ್ಪಬಹುದು. ಮೂಗು ಕಣ್ಣುಗಳ ಮಟ್ಟಕ್ಕೆ ಒತ್ತಿಕೊಂಡಿರುವ ಮರಿಯಾದರೆ ಅದು ಮಲಗಿದಾಗ ಉಸಿರಿನ ಸದ್ದು ಕೇಳಿ, ಕಣ್ಣೀರಿನ ಕಲೆ ನೋಡಿ. ಮನೆಯಲ್ಲಿ ಈಗಾಗಲೇ ಕಿವಿ ಮಡಿಚಿದ ಬೆಕ್ಕಿದ್ದರೆ ಬಾಲದ ಬುಡದಿಂದ ತುದಿಯವರೆಗೆ ಮೆಲ್ಲಗೆ ಕೈಯಾಡಿಸಿ. ಬಳುಕಬೇಕಾದ ಬಾಲ ಕಡ್ಡಿಯಂತಿದ್ದರೆ ಬಗ್ಗಿಸಲು ಹೋಗಬೇಡಿ, ಹಿಂಗಾಲಿನ ಹಿಮ್ಮಡಿಯ ಎಕ್ಸ್‌ರೇ ತೆಗೆಸಿ. ಕುಂಟಲು ಶುರುವಾಗುವವರೆಗೆ ಕಾಯುವುದು ಬೇಡ. ಮರಳಿನ ಟ್ರೇಗೆ ಎತ್ತರದ ಅಂಚು ಬೇಡ, ಮಂಚಕ್ಕೂ ಸೋಫಾಕ್ಕೂ ಒಂದು ಮೆಟ್ಟಿಲು ಇಡಿ, ತೂಕ ಏರಲು ಬಿಡಬೇಡಿ. ಆ ಬೆಕ್ಕಿನಿಂದ ಮರಿ ಪಡೆಯುವ ಆಸೆ ಇದ್ದರೆ ಕೈಬಿಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಗಂಡು ನೆಟ್ಟಗಿನ ಕಿವಿಯದೇ ಆದರೂ ಸರಾಸರಿ ಅರ್ಧ ಮರಿಗಳಿಗೆ ಅದೇ ಮೂಳೆಯ ದೋಷ ದಾಟುತ್ತದೆ.